ನಾವು ಯಾಕೆ ಚಪ್ಪಾಳೆ ಹೊಡೆದೆವು?

ಚಪ್ಪಾಳೆ ಹೊಡೆದದ್ದು ನಿಜ. ಅದನ್ನು ಮುಚ್ಚಿಡುವುದು ಬೇಡ.

2023ರ ಜುಲೈ 14, ಶುಕ್ರವಾರ, ಮಧ್ಯಾಹ್ನ 2 ಗಂಟೆ 35 ನಿಮಿಷ. ಆಂಧ್ರದ ಶ್ರೀಹರಿಕೋಟಾದಲ್ಲಿ ಚಂದ್ರಯಾನ-3 ನೆಲ ಬಿಟ್ಟು ಎದ್ದಾಗ ಅಲ್ಲಿಯ ಗ್ಯಾಲರಿಯಲ್ಲಿ ಸೇರಿದ್ದ ಸಾವಿರಾರು ಜನರ ನಡುವೆ ನಾವೂ ಇದ್ದೆವು. ಕೋಲಾರದ ಕಡೆಯಿಂದ ವ್ಯಾನು ಮಾಡಿಕೊಂಡು ಹೋದವರು: ಇಬ್ಬರು ಹಳ್ಳಿ ಮೇಷ್ಟ್ರು, ಹಾಸ್ಟೆಲಿನ ಒಂಬತ್ತು ಹುಡುಗರು, ಅವರಿಗೆ ಅನ್ನ ಸಾರು ಮಾಡಿ ಹಾಕುವ ಅಡುಗೆಯಮ್ಮ, ಸಂಘದ ಕೆಲಸ ಮಾಡಿಕೊಂಡಿರುವ ಮೂವರು. ಮುಳಬಾಗಿಲು, ಚಿತ್ತೂರು, ತಿರುಪತಿ, ನಾಯ್ಡುಪೇಟೆ, ಸೂಳೂರುಪೇಟೆ. ಅಲ್ಲಿಂದಾಚೆಗೆ ಪುಲಿಕಾಟ್ ಸರೋವರವನ್ನು ಸೀಳಿಕೊಂಡು ಹೋಗುವ ರಸ್ತೆ. ರಾತ್ರಿಯೆಲ್ಲ ಕೂತು ಬಂದು ಸೊಂಟ ಹಿಡಿದುಹೋಗಿತ್ತು. ಭೀಮನ ಅಮಾವಾಸ್ಯೆಗೆ ಮೂರೇ ದಿನ ಬಾಕಿ, ಆಕಾಶದಲ್ಲಿ ಕಣ್ಣಿಗೆ ಕಾಣುವ ಚಂದ್ರ ಇರಲಿಲ್ಲ. ಕಾಣದ ಚಂದ್ರನ ಕಡೆಗೆ ಹೊರಟಿದ್ದ ಯಂತ್ರವನ್ನು ನೋಡಲು ಬಿಸಿಲಲ್ಲಿ ನಿಂತಿದ್ದೆವು.

ಮೊದಲು ಬೆಂಕಿ ಕಂಡಿತು. ಸದ್ದಿಲ್ಲ. 43.5 ಮೀಟರ್ ಎತ್ತರದ, 640 ಟನ್ ತೂಕದ ರಾಕೆಟ್ಟು ಹೊಗೆಯೊಳಗಿಂದ ಮೆಲ್ಲಗೆ ಮೇಲೆದ್ದಿತು. ಬೆಳಕು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ, ಸದ್ದು ನಡೆದುಕೊಂಡು ಬರಬೇಕು. ಬಂತು. ಕಿವಿಗಲ್ಲ, ಎದೆಗೆ. ತಮಟೆಯನ್ನು ಎದೆಗೇ ಒತ್ತಿ ಹಿಡಿದು ಬಡಿದ ಹಾಗೆ. ಹುಡುಗರು ಕೂಗುತ್ತಿದ್ದರು. ಅಡುಗೆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಯಾಕಮ್ಮ ಅಂದರೆ, ‘ಗೊತ್ತಿಲ್ಲ ಕಣಪ್ಪ, ತಾನಾಗೇ ಬತ್ತೈತೆ’ ಅಂದರು. ಅದು ಮೋಡದೊಳಗೆ ಹೊಕ್ಕು ಮರೆಯಾಗುವ ತನಕ ನಮ್ಮ ಕೈಗಳು ನಮ್ಮ ಮಾತು ಕೇಳಲಿಲ್ಲ.

ವಾಪಸು ಬರುವಾಗ ಸರೋವರದ ರಸ್ತೆಯಲ್ಲಿ ದೊಡ್ಡ ಮೇಷ್ಟ್ರು ಕೇಳಿದರು: ‘ಅಲ್ರಪ್ಪ, ನಾವ್ಯಾಕೆ ಚಪ್ಪಾಳೆ ಹೊಡೆದ್ವಿ? ಅದರಾಗೆ ನಮ್ದೇನೈತೆ?’

ವ್ಯಾನು ಸುಮ್ಮನಾಯಿತು. ಆ ಪ್ರಶ್ನೆ ನಮ್ಮನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಈ ಬರಹ ಅದಕ್ಕೆ ಕೊಡಲು ನೋಡುತ್ತಿರುವ ಉತ್ತರ.

ನಮ್ಮ ನಡುವೆ ಇಂಥದ್ದಕ್ಕೆ ಸಿದ್ಧವಾಗಿರುವ ಉತ್ತರ ಒಂದಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ವರದಿಯಾದ ಪ್ರಕಾರ ಈ ಯಾನಕ್ಕೆ ಸುಮಾರು 615 ಕೋಟಿ ರೂಪಾಯಿ. ಆ ದುಡ್ಡಿನಲ್ಲಿ ಎಷ್ಟು ಹಾಸ್ಟೆಲು, ಎಷ್ಟು ಮನೆ, ಎಷ್ಟು ಬೋರ್‌ವೆಲ್ಲು ಅಂತ ಲೆಕ್ಕ ಹಾಕಿ ಭಾಷಣ ಮಾಡಿದವರು ನಾವೇ. ಆ ಗಾದೆಯಲ್ಲಿ ಸತ್ಯ ಇದೆ. ಆದರೆ ಒಂದು ಮೋಸವೂ ಇದೆ. ಗಾದೆಯಲ್ಲಿ ಹೊಟ್ಟೆ, ಜುಟ್ಟು ಎರಡೂ ಒಬ್ಬನವೇ. ಈ ದೇಶದಲ್ಲಿ ಜುಟ್ಟು ಒಬ್ಬರದು, ಹೊಟ್ಟೆ ಇನ್ನೊಬ್ಬರದು. ಜುಟ್ಟಿನ ಮಲ್ಲಿಗೆ ಕಿತ್ತು ಹಾಕಿದ ಮಾತ್ರಕ್ಕೆ ಬೇರೆಯವರ ಹೊಟ್ಟೆಗೆ ಹಿಟ್ಟು ಬೀಳುವುದಿಲ್ಲ. 1963ಕ್ಕೆ ಮುಂಚೆ ಈ ದೇಶದಿಂದ ಆಕಾಶಕ್ಕೆ ರಾಕೆಟ್ಟು ಹಾರಿರಲಿಲ್ಲ. ಆಗ ನಮ್ಮ ಕೇರಿಗಳು ಹೊಟ್ಟೆ ತುಂಬ ಉಣ್ಣುತ್ತಿದ್ದವೇ? ಅಮೆರಿಕ 1972ರಲ್ಲಿ ಚಂದ್ರನಿಗೆ ಮನುಷ್ಯರನ್ನು ಕಳಿಸುವುದನ್ನೇ ನಿಲ್ಲಿಸಿತು. ಉಳಿದ ದುಡ್ಡಿನಿಂದ ಅಲ್ಲಿಯ ಕರಿಯರ ಬಡತನ ತೀರಿತೇ?

ಇನ್ನೂ ಒಂದು ಮಾತು. 1999ರಲ್ಲಿ ಒಡಿಶಾಕ್ಕೆ ಚಂಡಮಾರುತ ಬಡಿದಾಗ ಹತ್ತಿರ ಹತ್ತಿರ 10,000 ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಬಂದಾಗ ಮುಂಚಿತವಾಗಿ ಲಕ್ಷಾಂತರ ಜನರನ್ನು ಎತ್ತರದ ಜಾಗಕ್ಕೆ ಸಾಗಿಸಿದರು, ಸತ್ತವರು ನೂರರೊಳಗೆ. ಆ ಮುನ್ಸೂಚನೆಗೆ ಆಕಾಶದಿಂದ ನೋಡುವ ಕಣ್ಣೂ ಬೇಕಾಗಿತ್ತು. ಬದುಕಿದವರು ಗುಡಿಸಲಿನವರು. ಆದ್ದರಿಂದ ರಾಕೆಟ್ಟು ಬಡವರಿಗೆ ಬೇಡ ಎಂಬ ಮಾತು ನಮ್ಮದಲ್ಲ.

ಇನ್ನೊಂದು ಉತ್ತರ ಟಿವಿಯವರದು. ದೇಶದ ಹೆಮ್ಮೆ, ಈಗ ಪ್ರಶ್ನೆ ಕೇಳಬೇಡಿ. ಅದಕ್ಕೆ ನಮ್ಮ ಉತ್ತರ ಚಿಕ್ಕದು. ಪ್ರಶ್ನೆ ಕೇಳದೆ ರಾಕೆಟ್ಟು ಹಾರುವುದಿಲ್ಲ.

ಪ್ರಶ್ನೆಯನ್ನು ನಾವು ನಿಂತಿದ್ದ ನೆಲದಿಂದಲೇ ಶುರು ಮಾಡೋಣ. ಶ್ರೀಹರಿಕೋಟಾವನ್ನು 1969ರಲ್ಲಿ ಆರಿಸಿದರು. ಪೂರ್ವಕ್ಕೆ ಬರೀ ಸಮುದ್ರ, ಕಳಚಿ ಬೀಳುವ ತುಂಡುಗಳು ಯಾರ ತಲೆಯ ಮೇಲೂ ಬೀಳುವುದಿಲ್ಲ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಅಲ್ಲಿ ನಿಂತ ವಸ್ತುವಿಗೆ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗ ಪುಕ್ಕಟೆಯಾಗಿ ಸಿಗುತ್ತದೆ. ಜನ ಕಡಿಮೆ ಎಂಬುದೂ ಒಂದು ಅನುಕೂಲ. ಆ ‘ಕಡಿಮೆ ಜನ’ ಯಾನಾದಿಗಳು. ಮೀನು, ಗೆಡ್ಡೆ, ಸೌದೆ, ಕಾಡಿನ ಹುಟ್ಟುವಳಿ ನಂಬಿಕೊಂಡು ಆ ದ್ವೀಪದಲ್ಲಿ ಬಾಳಿದ ಬುಡಕಟ್ಟಿನವರು. 1971ರ ಅಕ್ಟೋಬರ್ 9ರಂದು ಮೊದಲ ರೋಹಿಣಿ ರಾಕೆಟ್ಟು ಅಲ್ಲಿಂದ ಹಾರಿತು. ಅದಕ್ಕೂ ಮುಂಚೆ, 1963ರ ನವೆಂಬರ್ 21ರಂದು ಕೇರಳದ ತುಂಬಾದಲ್ಲಿ ಈ ನೆಲದ ಮೊಟ್ಟಮೊದಲ ರಾಕೆಟ್ಟು ಹಾರಿದಾಗ ಮೀನುಗಾರರು ತಮ್ಮ ಇಗರ್ಜಿ ಬಿಟ್ಟುಕೊಟ್ಟಿದ್ದರು, ಮನೆಗಳನ್ನೂ ಬಿಟ್ಟು ಹೋಗಿದ್ದರು. ಇಗರ್ಜಿಯಲ್ಲಿ ವಿಜ್ಞಾನಿಗಳು ಕೂತು ಕೆಲಸ ಮಾಡಿದರು. ಅದನ್ನು ನಾವು ಕೆಟ್ಟದ್ದೆಂದು ಹೇಳುತ್ತಿಲ್ಲ. ಲೆಕ್ಕದಲ್ಲಿ ಬರೆಯಿರಿ ಎನ್ನುತ್ತಿದ್ದೇವೆ. ವೆಚ್ಚ 615 ಕೋಟಿ ಎಂದು ಬರೆಯುವ ಪುಸ್ತಕದಲ್ಲಿ ಇವರ ಪಾಲನ್ನು ಯಾವ ಕಾಲಮ್ಮಿನಲ್ಲಿ ಬರೆದಿದ್ದೀರಿ? ನಾವು ನೋಡಿದ ನೌಕೆ ಹಾರಿದ್ದು ಅಲ್ಲಿಯ ಎರಡನೇ ಉಡಾವಣಾ ಕಟ್ಟೆಯಿಂದ. ಆ ಕಟ್ಟೆಗೆ ಭಾರಿ ಯಂತ್ರ ಮಾಡಿಕೊಟ್ಟಿದ್ದ ರಾಂಚಿಯ ಎಚ್‌ಇಸಿ ಕಾರ್ಖಾನೆಯ ನೌಕರರು 2023ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗಿಳಿದಿದ್ದರು. ಅವರನ್ನು ಯಾವ ಕಾಲಮ್ಮಿನಲ್ಲಿ?

ನೋಡುವವರ ನಡುವೆ ನಿಂತು ಹೀಗೆ ಕೇಳಿದವರಲ್ಲಿ ನಾವೇ ಮೊದಲಿನವರಲ್ಲ. ನಮ್ಮ ಅಣ್ಣಂದಿರೊಬ್ಬರು ಐವತ್ತು ವರ್ಷದ ಹಿಂದೆಯೇ ಅಮೆರಿಕದಲ್ಲಿ ಕೇಳಿದ್ದರು. ಅವರ ಕಥೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

1969ರ ಜುಲೈ 16ರ ಬೆಳಿಗ್ಗೆ ಫ್ಲಾರಿಡಾದಿಂದ ಅಪೊಲೊ-11 ಹೊರಡಬೇಕಾಗಿತ್ತು. ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಕಾಲಿಡುವ ಯಾತ್ರೆ. 110 ಮೀಟರ್ ಎತ್ತರದ ರಾಕೆಟ್ಟು ನೋಡಲು ಕಡಲತೀರದಲ್ಲಿ, ರಸ್ತೆಬದಿಯಲ್ಲಿ ಸುಮಾರು ಹತ್ತು ಲಕ್ಷ ಜನ ಬೀಡು ಬಿಟ್ಟಿದ್ದರು. ಅದರ ಹಿಂದಿನ ದಿನ ಮಧ್ಯಾಹ್ನ ರೆವರೆಂಡ್ ರಾಲ್ಫ್ ಅಬರ್ನಥಿ ಬಡ ಕರಿಯ ಕುಟುಂಬಗಳನ್ನು ಕರೆದುಕೊಂಡು ಉಡಾವಣಾ ಕೇಂದ್ರದ ಬಾಗಿಲಿಗೆ ಬಂದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಗಲಿಗೆ ಹೆಗಲಾಗಿ ನಿಂತಿದ್ದವರು ಈ ಅಬರ್ನಥಿ. 1968ರ ಏಪ್ರಿಲ್ 4ರಂದು ಕಿಂಗ್ ಅವರ ಕೊಲೆಯಾದ ಮೇಲೆ ಬಡವರ ಚಳವಳಿಯ ಭಾರ ಹೊತ್ತವರು. ಅವರ ಜೊತೆಗೆ ಎರಡು ಹೇಸರಗತ್ತೆಗಳು, ಒಂದು ಮರದ ಗಾಡಿ.

ಹೇಸರಗತ್ತೆ ಯಾಕೆ? 1865ರಲ್ಲಿ ಗುಲಾಮಗಿರಿ ಮುರಿದು ಬಿದ್ದಾಗ ಬಿಡುಗಡೆಯಾದ ಕರಿಯರಿಗೆ ನಲವತ್ತು ಎಕರೆ ನೆಲ, ಒಂದು ಹೇಸರಗತ್ತೆ ಸಿಗುತ್ತದೆಂಬ ಆಸೆ ಹುಟ್ಟಿಸಿದ್ದರು. ಕೊಟ್ಟ ನೆಲವನ್ನೂ ಆಮೇಲೆ ಕಿತ್ತುಕೊಂಡರು. ಕಿಂಗ್ ಅವರ ಶವ ಹೋದದ್ದೂ ಹೇಸರಗತ್ತೆಯ ಗಾಡಿಯಲ್ಲೇ. ದಲಿತರಿಗೆ ಹಂಚಿದ ಭೂಮಿಯ ಪಹಣಿ ಕೈಯಲ್ಲಿದ್ದು ಭೂಮಿ ಮಾತ್ರ ಗೌಡರ ಉಳುಮೆಯಲ್ಲಿರುವುದನ್ನು ಕಂಡ ನಮಗೆ ಆ ಗಾಡಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಾಸಾದ ಮುಖ್ಯಸ್ಥ ಥಾಮಸ್ ಪೇಯ್ನ್ ಅವರನ್ನು ಎದುರುಗೊಳ್ಳಲು ಬಯಲಿಗೆ ಬಂದರು. ಈ ದೇಶದ ಐದರಲ್ಲಿ ಒಂದು ಪಾಲು ಜನಕ್ಕೆ ಸರಿಯಾದ ಊಟ, ಬಟ್ಟೆ, ಮನೆ, ಔಷಧಿ ಇಲ್ಲ ಎಂದರು ಅಬರ್ನಥಿ. ರಾಕೆಟ್ಟು ನಿಲ್ಲಿಸಿ ಎಂದು ಅವರು ಕೇಳಲಿಲ್ಲ. ಕೇಳಿದ್ದು ಮೂರು: ನಮ್ಮ ಕುಟುಂಬಗಳು ಒಳಗೆ ಬಂದು ಉಡಾವಣೆ ನೋಡಬೇಕು, ಬಡತನದ ವಿರುದ್ಧದ ಹೋರಾಟಕ್ಕೆ ನಾಸಾ ಬೆಂಬಲ ಕೊಡಬೇಕು, ನಿಮ್ಮ ಜಾಣರು ಹಸಿವಿನ ಮೇಲೂ ಕೆಲಸ ಮಾಡಬೇಕು.

ಪೇಯ್ನ್ ಕೊಟ್ಟ ಉತ್ತರವನ್ನು ನಾವೆಲ್ಲ ಹತ್ತು ಸಲ ಯೋಚಿಸಬೇಕು. ನಾಳೆ ಗುಂಡಿ ಒತ್ತದೆ ಇದ್ದರೆ ನಿಮ್ಮ ಕಷ್ಟ ತೀರುವುದಾದರೆ ನಾವು ಗುಂಡಿ ಒತ್ತುವುದಿಲ್ಲ ಎಂದರು. ನೀವು ಎತ್ತಿರುವ ಮನುಷ್ಯರ ಸಮಸ್ಯೆಗಳ ಮುಂದೆ ಚಂದ್ರನಿಗೆ ಹೋಗುವುದು ಮಕ್ಕಳಾಟ ಎಂಬ ಅರ್ಥದ ಮಾತನ್ನೂ ಆಡಿದರು. ಕುಟುಂಬಗಳಿಗೆ ಜಾಗ ಕೊಟ್ಟರು. ಮರುದಿನ ಅಬರ್ನಥಿ ಅವರ ಜೊತೆ ನಿಂತು ರಾಕೆಟ್ಟು ಹಾರುವುದನ್ನು ನೋಡಿದರು. ಆ ಮೂವರು ಯಾತ್ರಿಗಳಿಗಾಗಿ ಪ್ರಾರ್ಥನೆ ಮಾಡಲೂ ಒಪ್ಪಿದ್ದರು.

ಚಳವಳಿಯ ಕೆಲವರಿಗೆ ಇದು ಶರಣಾಗತಿಯಂತೆ ಕಾಣಬಹುದು. ಗೇಟಿನ ಹತ್ತಿರ ಧಿಕ್ಕಾರ ಕೂಗಬೇಕಾದವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರಲ್ಲ? ನಮಗೂ ಮೊದಲು ಹಾಗೇ ಅನ್ನಿಸಿತ್ತು. ಶ್ರೀಹರಿಕೋಟಾದಿಂದ ಬಂದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಬಡವರ ಹೊಟ್ಟೆಯ ಪರವಾಗಿ ಮಾತಾಡುವ ಎಷ್ಟೋ ಜನ ಬಡವರಿಗೆ ಹೊಟ್ಟೆ ಮಾತ್ರ ಇದೆ ಎಂದುಕೊಂಡಿದ್ದಾರೆ. ಕಣ್ಣಿಲ್ಲ, ಬೆರಗಿಲ್ಲ, ನಕ್ಷತ್ರ ಎಣಿಸುವ ಆಸೆಯಿಲ್ಲ. ನಮಗೆ ಅಕ್ಷರ ಬೇಡ ಎಂದ ಪುರೋಹಿತಶಾಹಿ ಹೇಳಿದ್ದೂ ಇದನ್ನೇ. 1927ರಲ್ಲಿ ಬಾಬಾಸಾಹೇಬರ ಜೊತೆ ನಮ್ಮವರು ಮಹಾಡದ ಚವದಾರ್ ಕೆರೆಗೆ ನಡೆದದ್ದು ಬಾಯಾರಿಕೆಗೆ ಮಾತ್ರವಲ್ಲ. ಕೆರೆ ಎಲ್ಲರದು ಎಂದು ತೋರಿಸಲು. ಆಕಾಶವೂ ಒಂದು ಸಾರ್ವಜನಿಕ ಕೆರೆ. ಅಬರ್ನಥಿ ಆ ಕುಟುಂಬಗಳನ್ನು ಕರೆದುಕೊಂಡು ಹೋದದ್ದು ಕುರ್ಚಿಗೆ ಅಲ್ಲ, ಕೆರೆಗೆ.

ಈಗ ಪೇಯ್ನ್ ಮಾತಿಗೆ ಬರೋಣ. ಚಂದ್ರನಿಗೆ ಹೋಗುವುದು ಸುಲಭ, ಬಡತನ ನೀಗುವುದು ಕಷ್ಟ. ಅವರು ಪ್ರಾಮಾಣಿಕವಾಗಿಯೇ ಹೇಳಿರಬಹುದು. ಆದರೆ ಯಾಕೆ ಕಷ್ಟ? ಅದನ್ನು ಅವರು ಹೇಳಲಿಲ್ಲ. ನಾವು ಹೇಳಬೇಕು.

ಭೂಮಿಯ ಸೆಳೆತ ಮೀರಿ ಹೋಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಅದು ದೊಡ್ಡ ಅಡ್ಡಿ. ಆದರೆ ಆ ಸೆಳೆತಕ್ಕೆ ಜಮೀನಿಲ್ಲ. ಅದು ವಕೀಲರನ್ನು ಇಡುವುದಿಲ್ಲ, ಎಲೆಕ್ಷನ್ನಿಗೆ ನಿಲ್ಲುವುದಿಲ್ಲ, ಊರ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ಬಹಿಷ್ಕಾರ ಹಾಕುವುದಿಲ್ಲ. ಅದನ್ನು ಗೆದ್ದರೆ ಯಾರ ಮನೆಯ ಕಣಜವೂ ಬರಿದಾಗುವುದಿಲ್ಲ. ಆದ್ದರಿಂದಲೇ ಎಲ್ಲರೂ ಸೇರಿ ಅದನ್ನು ಗೆಲ್ಲಲು ಒಪ್ಪುತ್ತಾರೆ. ಜಾತಿ ಹಾಗಲ್ಲ, ಬಡತನ ಹಾಗಲ್ಲ. ಅವಕ್ಕೆ ಮಾಲೀಕರಿದ್ದಾರೆ. ಒಬ್ಬನ ಜೀತ ಇನ್ನೊಬ್ಬನ ಸುಗ್ಗಿ. ಒಬ್ಬಳು ಬರಿಗೈಯಲ್ಲಿ ಬಳಿದ ಮಲ ಇನ್ನೊಬ್ಬರ ಮಡಿ. ಬಡತನ ಕಷ್ಟದ ಲೆಕ್ಕವಾದದ್ದು ಜ್ಞಾನದ ಕೊರತೆಯಿಂದಲ್ಲ. ಅದು ಬಗೆಹರಿದರೆ ನಷ್ಟವಾಗುವವರು ಇದ್ದಾರೆ. ಅವರೇ ಕರಿಹಲಗೆಯ ಮುಂದೆ ನಿಂತು, ಈ ಲೆಕ್ಕ ಬಹಳ ಕಷ್ಟ ಕಣ್ರಪ್ಪ ಎನ್ನುತ್ತಿದ್ದಾರೆ.

ಇದು ನಮಗೆ ಪುಸ್ತಕದಿಂದ ಹೊಳೆದದ್ದಲ್ಲ. ವ್ಯಾನಿನಲ್ಲಿ ಹೊಳೆದದ್ದು.

ದೊಡ್ಡ ಮೇಷ್ಟ್ರು ಕೇಳಿದ ಪ್ರಶ್ನೆಗೆ ನಾವು ದೊಡ್ಡವರು ಸುಮ್ಮನಿದ್ದಾಗ ಹಿಂದಿನ ಸೀಟಿನಿಂದ ಒಬ್ಬ ಹುಡುಗ ಬಾಯಿ ಬಿಟ್ಟ. ಒಂಬತ್ತನೇ ಕ್ಲಾಸು. ಅವನ ಚಿಕ್ಕಪ್ಪ ಬೆಂಗಳೂರಿನಲ್ಲಿ ಪಿಟ್ಟಿಗೆ ಇಳಿದು ಉಸಿರುಗಟ್ಟಿ ಸತ್ತವರು. ‘ಸಾರ್, ಅದರಾಗೆ ಒಂದು ಬೋಲ್ಟು ಲೂಸಾದ್ರೂ ಇವ್ರಿಗೆ ಗೊತ್ತಾಗ್ತದಂತೆ, ಹೌದಾ?’ ಹೌದಪ್ಪ ಅಂದೆವು. ‘ಮತ್ತೆ ನಮ್ಮ ಚಿಕ್ಕಪ್ಪ ಒಳಗೆ ಬಿದ್ದಿದ್ದು ಗೊತ್ತಾಗೋಕೆ ಯಾಕೆ ಸಾರ್ ಅಷ್ಟೊತ್ತು ಆಯ್ತು?’

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈಗ ಇದೆ.

2019ರ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಚಂದ್ರಯಾನ-2ರ ನೌಕೆ ಇಳಿಯುವಾಗ ಹಿಡಿತ ತಪ್ಪಿ ಚಂದ್ರನಿಗೆ ಅಪ್ಪಳಿಸಿತು. ಆಮೇಲೆ ಏನಾಯಿತು? ಯಾಕೆ ಬಿತ್ತು ಎಂದು ಕೂತು ಹುಡುಕಿದರು. ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು. ಇಂಧನ ಹೆಚ್ಚಿಸಿದರು. ಎಲ್ಲ ಸರಿಹೋದರೆ ಹೇಗೆ ಎಂದು ಯೋಚಿಸುವ ಬದಲು ಏನೇನು ಕೆಡಬಹುದು ಎಂದು ಯೋಚಿಸಿ ಕಟ್ಟಿದೆವು ಎಂದು ಇಸ್ರೋದ ಅಧ್ಯಕ್ಷರು ಹೇಳಿದರು. ನಾಲ್ಕು ವರ್ಷ ಹೀಗೆ ದುಡಿದು, 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಮೆತ್ತಗೆ ಇಳಿಸಿದರು. ನಿರ್ಜೀವ ಯಂತ್ರವೊಂದು ಬಿದ್ದದ್ದಕ್ಕೆ ಇಷ್ಟು ಕಾಳಜಿ. ಇದನ್ನು ನಾವು ಅಣಕಿಸುತ್ತಿಲ್ಲ, ಇದಕ್ಕೆ ಕೈ ಮುಗಿಯುತ್ತೇವೆ. ಸೋಲಿನ ಎದುರು ಮನುಷ್ಯ ಹೇಗೆ ನಡೆದುಕೊಳ್ಳಬೇಕು ಎಂಬ ನೀತಿಪಾಠ ಇದು.

ಈ ಪಾಠ ಮ್ಯಾನ್‌ಹೋಲಿನ ಬಾಯಿಗೆ ಬಂದಾಗ ಎಲ್ಲಿ ಹೋಗುತ್ತದೆ? ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಈ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಸಫಾಯಿ ಕರ್ಮಚಾರಿಗಳ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಅವರ ಸಂಗಾತಿಗಳು ದಶಕಗಟ್ಟಲೆ ದಾಖಲೆ ಹಿಡಿದು ಕೋರ್ಟು ಹತ್ತಿದ ಮೇಲೆ, 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಎಂದಿತು. ಆದರೂ 2021ರಲ್ಲಿ ಸಂಸತ್ತಿನಲ್ಲಿ ಸರ್ಕಾರ ಹೇಳಿದ್ದು, ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಎಂದು. ಚರಂಡಿ, ಗುಂಡಿ ಸ್ವಚ್ಛ ಮಾಡುವಾಗ ಸತ್ತವರದು ಬೇರೆ ಪಟ್ಟಿ. ಪಟ್ಟಿ ಬದಲಾಯಿಸಿದರೆ ಹೆಣ ಮಾಯ! ನೌಕೆ ಚಂದ್ರನ ಮೇಲೆ ಇಳಿದ ಎರಡೇ ತಿಂಗಳಿಗೆ, 2023ರ ಅಕ್ಟೋಬರ್ 20ರಂದು, ಅದೇ ಸುಪ್ರೀಂ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಅಂದರೆ ಸಾವು ನಿಂತಿರಲಿಲ್ಲ.

ಹುಡುಗನ ಪ್ರಶ್ನೆಗೆ ಉತ್ತರ ಇದು: ಮಗಾ, ನಿನ್ನ ಚಿಕ್ಕಪ್ಪ ಬಿದ್ದದ್ದು ಗೊತ್ತಾಗಲು ತಡವಾದದ್ದು ಯಂತ್ರ ಇಲ್ಲದ್ದಕ್ಕಲ್ಲ. ಬೋಲ್ಟು ಲೆಕ್ಕದಲ್ಲಿ ಇತ್ತು. ನಿನ್ನ ಚಿಕ್ಕಪ್ಪ ಲೆಕ್ಕದಲ್ಲಿ ಇರಲಿಲ್ಲ.

ಆದ್ದರಿಂದ ನಮ್ಮ ಜಗಳ ಬರೀ ದುಡ್ಡಿನದಲ್ಲ. ಲಕ್ಷ್ಯದ್ದು. 3,84,400 ಕಿಲೋಮೀಟರ್ ದೂರದ ಯಂತ್ರದ ಉಸಿರನ್ನು ಕಿವಿಗೊಟ್ಟು ಕೇಳುವ ದೇಶ ಹತ್ತು ಅಡಿ ಕೆಳಗಿನ ಮನುಷ್ಯನ ಉಸಿರು ಕೇಳುವುದಿಲ್ಲ ಎಂದರೆ ಅದು ಕಿವಿಯ ದೋಷವಲ್ಲ, ಮನಸ್ಸಿನದು.

ಇನ್ನು ಚಂದ್ರ. ಅವನ ಜೊತೆ ನಮ್ಮ ಸಂಬಂಧ ಇವತ್ತಿನದಲ್ಲ. ಮಹಾರಾಷ್ಟ್ರದಲ್ಲಿ ಗ್ರಹಣ ಹಿಡಿದಾಗ ಮಾಂಗ್ ಜಾತಿಯವರು ದಾನ ಕೊಡಿ, ಗ್ರಹಣ ಬಿಡಲಿ ಎಂದು ಕೂಗುತ್ತಾ ಬೀದಿಗೆ ಬರುವ ಪದ್ಧತಿ ಇತ್ತು. ರಾಹುವಿನ ಮೈಲಿಗೆ ಅವರ ತಲೆಗೆ, ಹಳೆಯ ಬಟ್ಟೆ, ಹಿಡಿ ಕಾಳು ಅವರ ಮಡಿಲಿಗೆ. ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದರೆ ಅದರ ಪಾಪವನ್ನು ಹೊರಬೇಕಾದವರು ನಾವು! 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋದಾಗ ಓದಿದ ಜನವೂ ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು. ಚಂದ್ರನ ಮೇಲೆ ಇಳಿಯುವ ಯಂತ್ರ ಈ ಕಟ್ಟುಕಥೆಯನ್ನೆಲ್ಲ ಸುಟ್ಟುಹಾಕಬೇಕಾಗಿತ್ತು. ಆದರೆ ಉಡಾವಣೆಯ ಹಿಂದಿನ ದಿನ ವಿಜ್ಞಾನಿಗಳ ತಂಡವೊಂದು ನೌಕೆಯ ಪುಟ್ಟ ಮಾದರಿ ಹಿಡಿದು ತಿರುಮಲ ಬೆಟ್ಟ ಹತ್ತಿತು. ಇಳಿದ ಜಾಗಕ್ಕೆ ‘ಶಿವಶಕ್ತಿ’ ಎಂದು ಹೆಸರಿಟ್ಟರು. ನಂಬಿಕೆ ಅವರವರ ಮನೆಯದು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ದುಡಿದವರ ಬೆವರು ಹೀಗೆ ದೇವರ ಖಾತೆಗೆ ಜಮಾ ಆದರೆ ನಾವು ಸುಮ್ಮನಿರುವುದು ಹೇಗೆ?

ಬೆಂಗಳೂರಿನಲ್ಲಿ ತೆಗೆದ ಒಂದು ಹಳೆಯ ಫೋಟೋ ಮೇಷ್ಟ್ರುಗಳೆಲ್ಲ ನೋಡಿದ್ದೀರಿ. 1981ರಲ್ಲಿ ಆಕಾಶಕ್ಕೆ ಹೋದ ‘ಆಪಲ್’ ಉಪಗ್ರಹ ಒಂದು ಎತ್ತಿನ ಗಾಡಿಯ ಮೇಲೆ ಕೂತಿದೆ. ಲೋಹದ ವಾಹನ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಮರದ ಗಾಡಿ ತರಿಸಿದ್ದರು. ಬಡ ದೇಶದ ಜಾಣತನ ಎಂದು ಜನ ಆ ಫೋಟೋ ನೋಡಿ ಖುಷಿಪಡುತ್ತಾರೆ. ಇನ್ನು ಮೇಲೆ ಕ್ಲಾಸಿನಲ್ಲಿ ಆ ಫೋಟೋ ತೋರಿಸುವಾಗ ಪಕ್ಕದಲ್ಲಿ ಅಬರ್ನಥಿಯವರ ಹೇಸರಗತ್ತೆ ಗಾಡಿಯ ಕಥೆಯನ್ನೂ ಹೇಳಿ. ಒಂದು ಗಾಡಿ ಉಪಗ್ರಹವನ್ನು ಹೊತ್ತಿತು. ಇನ್ನೊಂದು ಪ್ರಶ್ನೆಯನ್ನು ಹೊತ್ತಿತು. ಮಕ್ಕಳಿಗೆ ಎರಡೂ ಗಾಡಿ ಬೇಕು.

ಹಾಗಾದರೆ ನಾವು ಯಾಕೆ ಚಪ್ಪಾಳೆ ಹೊಡೆದೆವು? ಅದು ನಮ್ಮದಾದ್ದರಿಂದ. ನೆಲ ನಮ್ಮವರದು, ಬೆವರು ನಮ್ಮವರದು, ಬೆರಗು ನಮ್ಮದು. ಮತ್ತು ಒಂದು ಸಾಕ್ಷಿ ಸಿಕ್ಕಿತೆಂದು. ‘ಆಗೋದಿಲ್ಲ ಕಣಯ್ಯ’ ಎಂಬ ಮಾತನ್ನು ನಾವು ತಹಸೀಲ್ದಾರರ ಆಫೀಸಿನಲ್ಲಿ, ಊರ ಗೌಡರ ಜಗಲಿಯಲ್ಲಿ, ವಿಧಾನಸೌಧದ ಮೆಟ್ಟಿಲ ಮೇಲೆ ಕೇಳಿ ಕೇಳಿ ಸಾಕಾಗಿದ್ದೇವೆ. ಆ ಮಧ್ಯಾಹ್ನ ಅದು ಸುಳ್ಳೆಂದು ನಮ್ಮ ಕಣ್ಣಾರೆ ಕಂಡೆವು. ಇಷ್ಟು ಎಚ್ಚರದಿಂದ, ಇಷ್ಟು ಲೆಕ್ಕವಾಗಿ, ಸೋತರೂ ಬಿಡದೆ ಕೆಲಸ ಮಾಡುವುದು ಈ ದೇಶಕ್ಕೆ ಬರುತ್ತದೆ. ಬರುವುದಿಲ್ಲ ಎಂದು ಇನ್ನು ಹೇಳುವಂತಿಲ್ಲ. ಮಾಡುವುದಿಲ್ಲ ಎಂದು ಹೇಳಲಿ. ಆಗ ಜಗಳ ನೇರವಾಗುತ್ತದೆ.

ದೊಡ್ಡ ಮೇಷ್ಟ್ರು ಈಗ ಆ ಹುಡುಗನಿಗೆ ಗಣಿತ ಹೇಳಿಕೊಡುತ್ತಿದ್ದಾರೆ. ಸಂಜೆ ಹೊತ್ತು, ಹಾಸ್ಟೆಲಿನ ಜಗಲಿಯಲ್ಲಿ. ಅವನಿಗೆ ರಾಕೆಟ್ಟು ಮಾಡಬೇಕಂತೆ. ‘ಮೊದ್ಲು ಪಿಟ್ಟಿಗಿಳಿಯೋ ಮಿಷನ್ನು ಸಾರ್, ಆಮೇಲೆ ರಾಕೆಟ್ಟು’ ಅನ್ನುತ್ತಾನೆ. ಎರಡನ್ನೂ ಮಾಡು ಎಂದಿದ್ದೇವೆ. ಮಾಡಿದ ದಿನ ಮತ್ತೆ ಹೋಗಿ ನಿಂತು ನೋಡುತ್ತೇವೆ.